ಮಲ್ನಾಡ್ ರೋಡಿಗೆ ಕಾರು ಇಳಿಸೋದಾದ್ರೆ: ಬರೀ ಸ್ಪ್ರಿಂಗಾ, ಕಾಯಿಲೋವರ್ರಾ, ಕಾಯಿಲೋವರ್ ಆದ್ರೆ ಯಾವ್ದು?

ಕಾರು ಇಳಿಸ್ಬೇಕು, ಅಂದ್ರೆ ಸಸ್ಪೆನ್ಷನ್ ಬದಲಾಯ್ಸಿ ಬಾಡಿ ನೆಲಕ್ಕೆ ಹತ್ರ ತರ್ಬೇಕು ಅಂತ ಶಿವಮೊಗ್ಗ ಕಡೆ ಹುಡುಗ್ರು ಯಾರೇ ಮಾತು ತೆಗೆದ್ರೂ ಮೊದ್ಲು ಬರೋ ಪ್ರಶ್ನೆ ಎಷ್ಟು ಇಳಿಯುತ್ತೆ ಅಂತ, ಆಮೇಲೆ ಎಷ್ಟಾಗುತ್ತೆ ಅಂತ. ನಾನು ಹೇಳೋದು ಇಷ್ಟೇ, ಇಳಿಸಿದ್ಮೇಲೆ ಚಕ್ರ ಮೇಲೆ ಕೆಳಗೆ ಆಡೋಕೆ ಜಾಗ ಎಷ್ಟು ಉಳಿಯುತ್ತೆ ಅಂತ ಮೊದ್ಲು ಕೇಳಿ. ಬರೀ ಸ್ಪ್ರಿಂಗ್ ಸಾಕಾ, ಕಾಯಿಲೋವರ್ (ಎತ್ತರ ಹೆಚ್ಚುಕಮ್ಮಿ ಮಾಡ್ಬಹುದಾದ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಸೆಟ್ಟು) ಬೇಕಾ, ಬೇಕಾದ್ರೆ ಯಾವ್ ಟೈಪು ಅನ್ನೋದೆಲ್ಲ ಅದ್ರ ಮೇಲೇ ತೀರ್ಮಾನ ಆಗ್ಬೇಕು. ಬೆಂಗ್ಳೂರು ಮೈಸೂರು ಹೈವೇಲಿ ಓಡಾಡೋ ಕಾರಿಗೆ ಚೆನ್ನಾಗಿ ಹೊಂದಿರೋ ಸೆಟಪ್ಪನ್ನ ಹಾಗೇ ತಂದು ಇಲ್ಲಿ ಹಾಕ್ಸಿದ್ರೆ ಒಂದು ಮಳೆಗಾಲ ಕಳೆಯೋಷ್ಟ್ರಲ್ಲಿ ಶಾಕ್ಸು, ಸಂಪು (ಇಂಜಿನ್ ಕೆಳಗಿನ ಆಯಿಲ್ ಬಟ್ಟಲು), ಟೈರು ಮೂರೂ ಕೇಳೋ ಸ್ಥಿತೀಲಿ ಇರಲ್ಲ.

ನಮ್ ರೋಡುಗಳು ಹೇಗಿವೆ ಅಂತ ನಿಮ್ಗೆ ಗೊತ್ತೇ ಇದೆ. ಸಾಗರದ ಕಡೆ ಹೋಗೋ ಎನ್‌ಎಚ್ 69ರಲ್ಲಿ ಉದ್ದಕ್ಕೆ ವೇಗ ಸಿಗುತ್ತೆ, ಕುಂಸಿ ಆನಂದಪುರ ಅಂತ ಊರು ಬಂದ ಕಡೆ ಹಂಪು. ತೀರ್ಥಹಳ್ಳಿ ಕಡೆ ಎನ್‌ಎಚ್ 169, ಗಾಜನೂರು, ಸಕ್ರೆಬೈಲು, ಮಂಡಗದ್ದೆ, ತುಂಗೆ ಪಕ್ಕದಲ್ಲೇ ತಿರುವು ಮೇಲೆ ತಿರುವು, ಮರದ ನೆರಳಲ್ಲಿ ಒದ್ದೆ ಆರೋದೇ ಇಲ್ಲ. ತೀರ್ಥಹಳ್ಳಿಯಿಂದ 169ಎ ಹಿಡಿದ್ರೆ ಆಗುಂಬೆ, ಘಾಟಿ ಇಳಿಯೋಕೆ 14 ಹೇರ್‌ಪಿನ್ನು. ಹೊಸನಗರದ ಕಡೆಯವ್ರಾದ್ರೆ ಹುಲಿಕಲ್ ಘಾಟಿ. ಇದಿಷ್ಟೂ ಟಾರು ರೋಡಿನ ಮಾತು, ಮೇನ್ ರೋಡು ಬಿಟ್ಟು ತೋಟದ ಮನೆಗೆ ಹೋಗೋ ದಾರಿ ಇದ್ಯಲ್ಲ ಅಲ್ಲೇ ಇರೋದು ನಿಜವಾದ ಪರೀಕ್ಷೆ. ಎರಡು ಕಡೆ ಚಕ್ರದ ಜಾಡು, ನಡುವೆ ಹುಲ್ಲು ಬೆಳ್ದಿರೋ ದಿಬ್ಬ, ಹುಲ್ಲೊಳಗೆ ಜಂಬಿಟ್ಟಿಗೆ ಕಲ್ಲು ತಲೆ ಎತ್ಕೊಂಡಿರುತ್ತೆ, ಮೇಲಿಂದ ಕಾಣಲ್ಲ.

ಹಂಪಿನ ವಿಚಾರ ಸ್ವಲ್ಪ ಲೆಕ್ಕ ಹಾಕಿ ನೋಡಿ, ಕಣ್ಣು ಬಿಡುತ್ತೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ ಹೇಳಿರೋ ಹಂಪು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ, 17 ಮೀಟರ್ ತ್ರಿಜ್ಯದ ಕಮಾನು. ಸ್ವಿಫ್ಟಿನ ವೀಲ್‌ಬೇಸು (ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ) 2450 ಎಂ.ಎಂ., ಅಂದ್ರೆ ನಾಲ್ಕೂ ಚಕ್ರ ಒಟ್ಟಿಗೆ ಹಂಪಿನ ಮೇಲೇ ಕೂರುತ್ತೆ, ಆವಾಗ ಎರಡು ಆಕ್ಸಲ್ ನಡುವೆ ಕಾರಿನ ಹೊಟ್ಟೆ ಕಡೆ ಉಬ್ಬಿ ಬರೋದು ಸುಮಾರು 44 ಎಂ.ಎಂ. ಅಷ್ಟೇ. ಹೊಸ ಸ್ವಿಫ್ಟಿನ ಗ್ರೌಂಡ್ ಕ್ಲಿಯರೆನ್ಸ್ 163, ಅದನ್ನ 40 ಇಳಿಸಿದ್ರೂ ಆ ಹಂಪು ಆರಾಮಾಗಿ ದಾಟುತ್ತೆ. ಆದ್ರೆ ಊರೋರು ಸೇರಿ ಒಂದು ಮೊಳ ಅಗಲಕ್ಕೆ ಕಾಂಕ್ರೀಟ್ ಸುರಿದು ಮಾಡಿರೋ ಹಂಪಲ್ಲಿ ಮುಂದಿನ ಚಕ್ರ ಇಳಿದು ಆ ಕಡೆ ಹೋಗಿರುತ್ತೆ, ಹಿಂದಿನದು ಇನ್ನೂ ಈ ಕಡೆ, ಹಂಪಿನ ಪೂರ್ತಿ ಎತ್ತರ ಹೊಟ್ಟೆ ಕೆಳಗೆ. ಅದು 12 ಸೆಂ.ಮೀ. ಇದ್ರೆ ನಿಮ್ ಕಾರಿಗೂ ಅಷ್ಟು ಇರ್ಲೇಬೇಕು, ಅದೂ ನಾಲ್ಕು ಜನ ಕೂತಾಗ. ಅದಕ್ಕೇ ಇಳಿಸೋ ಮುಂಚೆ ನೀವು ದಿನಾ ಓಡಾಡೋ ದಾರೀಲಿ ಅತೀ ಕೆಟ್ಟ ಹಂಪು ಯಾವ್ದು ನೋಡಿ, ಇಳ್ದು ಟೇಪ್ ಹಿಡ್ದು ಅಳೆದು ಬರ್ಕೊಳ್ಳಿ, ಬೇರೆ ಯಾವ ಸಲಹೆಗಿಂತ ಆ ಒಂದು ನಂಬರ್ ಜಾಸ್ತಿ ಕೆಲಸಕ್ಕೆ ಬರುತ್ತೆ.

ಇರೋ ಆಯ್ಕೆಗಳು

ಸ್ಪ್ರಿಂಗ್ ಕಟ್ ಮಾಡ್ಸೋದನ್ನ ಆಯ್ಕೆ ಅಂತ ನಾನು ಲೆಕ್ಕಕ್ಕೇ ಇಟ್ಕೊಳ್ಳಲ್ಲ. ಗ್ರೈಂಡರ್ ಹಾಕಿ ಒಂದು ಸುತ್ತು ತೆಗೆದ್ರೆ ಕಾರು ಇಳಿಯುತ್ತೆ ನಿಜ, ಸ್ಪ್ರಿಂಗು ಸ್ವಲ್ಪ ಗಟ್ಟಿನೂ ಆಗುತ್ತೆ, ಆದ್ರೆ ಸೀಟಲ್ಲಿ ಸರಿಯಾಗಿ ಕೂರೋಕೆ ಅಂತ ಮಾಡಿರೋ ತುದಿ ಹೋಗಿರುತ್ತೆ, ಚಕ್ರ ಗುಂಡಿಗೆ ಇಳ್ದಾಗ ಸ್ಪ್ರಿಂಗು ಸಡಿಲಾಗಿ ಸೀಟು ಬಿಟ್ಟು ಜರುಗುತ್ತೆ. ಘಾಟಿ ಇಳಿಯುವಾಗ ಅದು ಆಯ್ತು ಅಂದ್ರೆ ಏನಾಗುತ್ತೆ ಅಂತ ಹೇಳೋದು ಬೇಡ. ಯಾರಾದ್ರೂ ಐನೂರು ರೂಪಾಯಿಗೆ ಮಾಡ್ಕೊಡ್ತೀನಿ ಅಂದ್ರೆ ಕೈ ಮುಗಿದು ವಾಪಸ್ ಬನ್ನಿ.

ಲೋವರಿಂಗ್ ಸ್ಪ್ರಿಂಗು ಅಂದ್ರೆ ಕಂಪನಿ ಶಾಕ್ಸ್ ಹಾಗೇ ಇಟ್ಕೊಂಡು ಸ್ಪ್ರಿಂಗ್ ಮಾತ್ರ ಗಿಡ್ಡದು ಹಾಕೋದು. ಸಾಮಾನ್ಯವಾಗಿ 30ರಿಂದ 40 ಎಂ.ಎಂ. ಇಳಿಯುತ್ತೆ, ಖರ್ಚು ಹತ್ತಾರು ಸಾವಿರದಲ್ಲಿ ಮುಗಿಯುತ್ತೆ, ಒಂದ್ಸಲ ಹಾಕಿದ್ರೆ ಅಷ್ಟೇ, ಹೆಚ್ಚುಕಮ್ಮಿ ಮಾಡೋಕಾಗಲ್ಲ. ಇದ್ರ ತೊಂದ್ರೆ ಏನಂದ್ರೆ ಶಾಕ್ಸಿನ ರಾಡು ನಿಂತಲ್ಲೇ ಅಷ್ಟು ಒಳಗೆ ಹೋಗಿ ಕೂತಿರುತ್ತೆ, ಬಂಪ್ ಸ್ಟಾಪು (ಓಟದ ಕೊನೇಲಿ ಹೊಡೆತ ತಡೆಯೋ ರಬ್ಬರು) ಹತ್ರ ಬಂದಿರುತ್ತೆ, ಮತ್ತೆ ಕಂಪನಿ ಶಾಕ್ಸು ಮೆತ್ತಗಿನ ಸ್ಪ್ರಿಂಗಿಗೆ ಅಂತ ಮಾಡಿದ್ದು, ಗಟ್ಟಿ ಸ್ಪ್ರಿಂಗು ಒದ್ದು ವಾಪಸ್ ಬರುವಾಗ ಅದಕ್ಕೆ ಹಿಡಿಯೋಕೆ ಆಗಲ್ಲ. ಹೊಸ ಶಾಕ್ಸಲ್ಲಿ ಇದು ಗೊತ್ತಾಗಲ್ಲ, ಐವತ್ತು ಅರವತ್ತು ಸಾವಿರ ಕಿ.ಮೀ. ಓಡಿರೋ ಶಾಕ್ಸ್ ಮೇಲೆ ಹಾಕಿದ್ರೆ ಹಂಪು ದಾಟಿದ್ಮೇಲೂ ಕಾರು ಇನ್ನೆರಡು ಸಲ ತೂಗುತ್ತೆ. ಹಾಗಾಗಿ ಸ್ಪ್ರಿಂಗ್ ಹಾಕ್ಸೋರು ಶಾಕ್ಸಿಗೂ ದುಡ್ಡು ಎತ್ತಿಡ್ಬೇಕು. ಸ್ಪ್ರಿಂಗು ಶಾಕ್ಸು ಒಟ್ಟಿಗೆ ಹೊಂದ್ಸಿ ಒಂದೇ ಕಂಪನಿ ಮಾರೋ ಕಿಟ್ ಸಿಕ್ಕಿದ್ರಂತೂ ದಿನಾ ಆಫೀಸು, ವಾರಕ್ಕೊಂದ್ಸಲ ಊರು ಅನ್ನೋರಿಗೆ ಅದಕ್ಕಿಂತ ನೆಮ್ಮದಿ ಇನ್ನೊಂದಿಲ್ಲ.

ಏರ್ ಸಸ್ಪೆನ್ಷನ್ನು ಸ್ವಿಚ್ ಒತ್ತಿದ್ರೆ ಏಳುತ್ತೆ, ಹಂಪಿಗೆಲ್ಲ ಪರಿಹಾರ ಅನ್ಸುತ್ತೆ. ಕಂಪ್ರೆಸರ್, ಟ್ಯಾಂಕು, ಪೈಪು, ವಾಲ್ವು, ಇಷ್ಟನ್ನೂ ವರ್ಷಕ್ಕೆ ನಾಲ್ಕೈದು ತಿಂಗಳು ಒದ್ದೇಲಿ ಇಟ್ಕೊಂಡು, ಲೀಕ್ ಆದ್ರೆ ನೋಡೋಕೆ ಜನ ಹತ್ರದಲ್ಲಿಲ್ದೆ, ಬೇಡ ಅಂತೀನಿ ನಾನು.

ಇನ್ನು ಕಾಯಿಲೋವರ್ರು. ಶಾಕ್ಸ್ ಬಾಡಿಗೇ ಹೊರಗಡೆ ಥ್ರೆಡ್ ಇರುತ್ತೆ, ಸ್ಪ್ರಿಂಗ್ ಕೂರೋ ರಿಂಗು ಆ ಥ್ರೆಡ್ ಮೇಲೆ ತಿರುಗುತ್ತೆ, ಅದನ್ನ ಹತ್ಸಿ ಇಳ್ಸಿ ಎತ್ತರ ಸೆಟ್ ಮಾಡೋದು. ಒಳ್ಳೇದು ಬೇಕಂದ್ರೆ ಲಕ್ಷದ ಆಜುಬಾಜು, ಅದಕ್ಕೂ ಮೇಲೆ. ಇನ್ನೊಂದು, ಸ್ವಿಫ್ಟು ಪೋಲೋ ತರದ ಕಾರುಗಳಲ್ಲಿ ಮುಂದೆ ಮಾತ್ರ ಸ್ಟ್ರಟ್ಟು (ಸ್ಪ್ರಿಂಗೂ ಶಾಕ್ಸೂ ಒಂದೇ ಕಂಬದಲ್ಲಿ), ಹಿಂದೆ ಟಾರ್ಷನ್ ಬೀಮು (ಎರಡೂ ಚಕ್ರ ಜೋಡಿಸೋ ಅಡ್ಡ ತೊಲೆ), ಅಲ್ಲಿ ಸ್ಪ್ರಿಂಗೇ ಬೇರೆ ಶಾಕ್ಸೇ ಬೇರೆ. ಹಿಂದಗಡೆ ಬರೋದು ಸ್ಪ್ರಿಂಗಿಗೆ ಒಂದು ಥ್ರೆಡ್ ಇರೋ ಸೀಟು, ಪಕ್ಕದಲ್ಲಿ ಬೇರೆ ಶಾಕ್ಸು. ಬಾಕ್ಸ್ ಬಿಚ್ಚಿ ಹಿಂದಿನದು ಕಾಯಿಲೋವರ್ ತರ ಇಲ್ವಲ್ಲ, ಮೋಸ ಆಯ್ತು ಅಂತ ಗಾಬರಿ ಆಗ್ಬೇಡಿ, ಆ ಕಾರಿಗೆ ಅದೇ ಸರಿ.

ಎರಡು ತರದ ಕಾಯಿಲೋವರ್ರು, ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ

ಒಂದನೇ ತರ, ಸ್ಪ್ರಿಂಗ್ ಸೀಟು ಇಳ್ಸಿ ಕಾರು ಇಳ್ಸೋದು. ಬಿಲ್‌ಸ್ಟೀನ್ ಬಿ14, ಕೆಡಬ್ಲ್ಯೂ ವೇರಿಯಂಟ್ 1 ಈ ಜಾತಿ, ಇವೆರಡರಲ್ಲೂ ಎತ್ತರ ಮಾತ್ರ ಅಡ್ಜಸ್ಟು, ಡ್ಯಾಂಪಿಂಗ್ (ಸ್ಪ್ರಿಂಗಿನ ಕುಣಿತವನ್ನ ಶಾಕ್ಸು ತಡೆಯೋ ಬಿಗಿ) ಕಂಪನಿಯವ್ರು ಮಾಡಿಟ್ಟಿದ್ದೇ. ಟೈನ್ ಸ್ಟ್ರೀಟ್ ಅಡ್ವಾನ್ಸ್ ಝಡ್ ಕೂಡ ಸೀಟ್ ಇಳ್ಸೋದೇ, ಅದ್ರ ಜೊತೆ 16 ಹಂತದ ಡ್ಯಾಂಪಿಂಗ್ ನಾಬು ಸಿಗುತ್ತೆ. ಎರಡನೇ ತರ, ಶಾಕ್ಸಿನ ಕೆಳಗಿನ ಬ್ರಾಕೆಟ್ಟೇ ಥ್ರೆಡ್ ಮೇಲೆ ಓಡುತ್ತೆ, ಸ್ಪ್ರಿಂಗ್ ಮುಟ್ಟದೆನೇ ಇಡೀ ಸ್ಟ್ರಟ್ಟಿನ ಉದ್ದ ಕಮ್ಮಿ ಜಾಸ್ತಿ ಮಾಡ್ಬಹುದು. ಬಿಸಿ ರೇಸಿಂಗ್ ಬಿಆರ್ ಸೀರೀಸು, ಟೈನ್ ಫ್ಲೆಕ್ಸ್ ಝಡ್ ಇವೆಲ್ಲ ಹೀಗೆ, ಬಿಸಿ ರೇಸಿಂಗಿನದ್ರಲ್ಲಿ ಡ್ಯಾಂಪಿಂಗ್ ನಾಬಿಗೆ 30 ಕ್ಲಿಕ್ಕು.

ವ್ಯತ್ಯಾಸ ಲೆಕ್ಕದಲ್ಲೇ ನೋಡಿ. ಮುಂದಿನ ಒಂದು ಮೂಲೆ ಮೇಲೆ 280 ಕೆಜಿ ಕೂತಿದೆ ಅಂದ್ಕೊಳ್ಳಿ, ಸ್ಪ್ರಿಂಗು ಒಂದು ಎಂ.ಎಂ. ಅಮುಕೋಕೆ 5 ಕೆಜಿ ಬೇಕು, ಆವಾಗ ಕಾರು ನಿಂತಾಗ ಸ್ಪ್ರಿಂಗು 56 ಎಂ.ಎಂ. ಕುಗ್ಗಿರುತ್ತೆ. ಶಾಕ್ಸಿನ ಒಟ್ಟು ಓಟ 120 ಎಂ.ಎಂ. ಅಂತಿಟ್ಕೊಂಡ್ರೆ ಗುಂಡಿಗೆ ಇಳಿಯೋಕೆ 56, ಹಂಪಿಗೆ ಮೇಲೇಳೋಕೆ 64 ಉಳೀತು, ಆ 64ರಲ್ಲೂ ಬಂಪ್ ಸ್ಟಾಪು ಒಂದಿಷ್ಟು ತಿನ್ನುತ್ತೆ. ಈಗ ಒಂದನೇ ತರದಲ್ಲಿ ರಿಂಗು 30 ಎಂ.ಎಂ. ಇಳ್ಸಿ ಕಾರು ಕೆಳಗೆ ತಂದ್ರಿ, ಮೇಲಕ್ಕೆ ಉಳಿದಿದ್ದು 34 ಅಷ್ಟೇ, ಅದು ಹೆಚ್ಚುಕಮ್ಮಿ ಬಂಪ್ ಸ್ಟಾಪ್ ಮೇಲೇ ಓಡಾಡಿದ ಹಾಗೆ, ಸಾಲದ್ದಕ್ಕೆ ಚಕ್ರ ಪೂರ್ತಿ ಇಳಿಬಿದ್ದಾಗ ಸ್ಪ್ರಿಂಗು 30 ಎಂ.ಎಂ. ಸಡಿಲ, ಆ ಸಡಿಲ ತುಂಬೋ ಪುಟ್ಟ ಹೆಲ್ಪರ್ ಸ್ಪ್ರಿಂಗ್ ಇಲ್ಲ ಅಂದ್ರೆ ಕಟಕಟ ಅನ್ನುತ್ತೆ. ಎರಡನೇ ತರದಲ್ಲಿ ಬ್ರಾಕೆಟ್ಟು 30 ಎಂ.ಎಂ. ಗಿಡ್ಡ ಮಾಡಿದ್ರೆ 56, 64 ಎರಡೂ ಹಾಗೇ ಇರುತ್ತೆ. ಆದ್ರೆ ಅಲ್ಲೂ ಒಂದು ಎಚ್ಚರ ಬೇಕು, ಶಾಕ್ಸಿಗೆ ಓಟ ಉಳೀತು ಅಂತ ಟೈರಿಗೆ ಜಾಗ ಉಳೀತು ಅಂತಲ್ಲ, ಚಕ್ರ ಪೂರ್ತಿ ಮೇಲೆದ್ದಾಗ ಫೆಂಡರ್ ಒಳಗಿನ ಲೈನರಿಗೆ ಹೋಗಿ ಉಜ್ಜುತ್ತೆ.

ಹಾಗಂತ ಒಂದನೇ ತರ ಕಳಪೆ ಅಂತ ನಾನು ಹೇಳ್ತಿಲ್ಲ. ಕಂಪನಿಯವ್ರು ಇಷ್ಟರಿಂದ ಇಷ್ಟರೊಳಗೆ ಇಳಿಸಿ ಅಂತ ಹೇಳಿರೋ ಜಾಗದಲ್ಲಿ ಮೇಲಿನ ತುದೀಲಿ ಇಟ್ಕೊಂಡ್ರೆ ಬಿ14 ತರದ್ದು ಅದ್ಭುತವಾಗಿ ಓಡುತ್ತೆ, ನಾಬು ತಿರುಗ್ಸೋ ತಲೆನೋವೂ ಇಲ್ಲ. ಹಾಳಾಗೋದು ರಿಂಗನ್ನ ಕೊನೇ ಥ್ರೆಡ್‌ವರೆಗೆ ಇಳ್ಸಿ ಫೋಟೋ ಹಾಕೋರ ಕೈಲಿ. ನಿಮ್ಗೆ ಮಳೆಗಾಲಕ್ಕೊಂದು ಎತ್ತರ, ಬೇಸಿಗೆಗೊಂದು ಎತ್ತರ ಬೇಕು, ತಿರುಗ್ಸಿ ನೋಡೋ ಆಸಕ್ತಿನೂ ಇದೆ ಅಂದ್ರೆ ಎರಡನೇ ತರನೇ ತಗೊಳ್ಳಿ, ದುಡ್ಡಿನ ವ್ಯತ್ಯಾಸಕ್ಕೆ ಬೆಲೆ ಇದೆ.

ಸ್ಪ್ರಿಂಗು ಎಷ್ಟು ಗಟ್ಟಿ ಅನ್ನೋದ್ರ ಬಗ್ಗೆನೂ ಒಂದು ಮಾತು ಮಾರಾಯ್ರೆ, ಯಾಕಂದ್ರೆ ಇಲ್ಲೇ ಜಾಸ್ತಿ ಜನ ಎಡವೋದು. ಗಟ್ಟಿ ಇದ್ದಷ್ಟೂ ಘಾಟೀಲಿ ಕಾರು ವಾಲಲ್ಲ, ಹಿಡಿತ ಜಾಸ್ತಿ ಅಂತ ನಂಬಿಕೆ. ಅದೇ 280 ಕೆಜಿಗೆ, ಒಂದು ಎಂ.ಎಂ. ಅಮುಕೋಕೆ 7 ಕೆಜಿ ಕೇಳೋ ಸ್ಪ್ರಿಂಗ್ ಹಾಕಿ, 40 ಎಂ.ಎಂ. ಮಾತ್ರ ಕುಗ್ಗುತ್ತೆ, ಅಂದ್ರೆ ಗುಂಡಿ ಬಂದಾಗ ಚಕ್ರ ಕೆಳಗಿಳಿದು ನೆಲ ಹಿಡಿಯೋಕೆ ಇರೋದು 40 ಅಷ್ಟೇ, ಮೇಲೆ ಪ್ರೀಲೋಡ್ ಬಿಗಿದಿದ್ರೆ, ಅಂದ್ರೆ ಕಾರಿನ ಭಾರ ಬೀಳೋ ಮುಂಚೆನೇ ಸೀಟು ಬಿಗಿದು ಸ್ಪ್ರಿಂಗ್ ಅಮುಕಿದ್ರೆ, ಅದೂ ಕಮ್ಮಿ. ಆಗುಂಬೆ ಹೇರ್‌ಪಿನ್ನಲ್ಲಿ ಹತ್ತುವಾಗ ಒಳಬದಿಯ ಮುಂದಿನ ಚಕ್ರ ಹಗುರಾಗಿರುತ್ತೆ, ಅಲ್ಲಿ ಟಾರು ಕಿತ್ತಿರೋ ಜಾಗ ಸಿಕ್ಕಿದ್ರೆ ಚಕ್ರ ಗಾಳೀಲಿ ಸುತ್ತುತ್ತೆ, ಕಾರು ಮುಂದಕ್ಕೆ ಹೋಗಲ್ಲ. ನುಣುಪು ಟ್ರ್ಯಾಕಿಗೆ ಸರಿ ಇರೋ ಗಟ್ಟಿ ನಮ್ ಒದ್ದೆ ರೋಡಲ್ಲಿ ಹಿಡಿತ ಕಿತ್ಕೊಳ್ಳುತ್ತೆ. ಆರ್ಡರ್ ಮಾಡುವಾಗ ಸ್ಪ್ರಿಂಗ್ ರೇಟ್ ಕೇಳಿ, ಮೆತ್ತಗಿನದು ಆಯ್ಕೆ ಇದ್ರೆ ಅದನ್ನೇ ಕೇಳಿ.

ಇನ್ನೊಂದು ಕಡೆ ತೀರಾ ಇಳ್ಸಿದ್ರೂ ವಾಲೋದು ಜಾಸ್ತಿ ಆಗುತ್ತೆ ಅಂದ್ರೆ ನಂಬ್ತೀರಾ? ಸ್ಟ್ರಟ್ ಇರೋ ಕಾರಲ್ಲಿ ಲೋವರ್ ಆರ್ಮು (ಚಕ್ರವನ್ನ ಕಾರಿನ ತಳಕ್ಕೆ ಜೋಡಿಸೋ ತೋಳು) ಅಡ್ಡಕ್ಕೆ ಮಟ್ಟವಾಗಿರೋದು ದಾಟಿ ಚಕ್ರದ ಕಡೆ ತುದಿ ಮೇಲಕ್ಕೆ ಹೋಯ್ತು ಅಂದ್ರೆ ರೋಲ್ ಸೆಂಟರ್ರು (ತಿರುವಲ್ಲಿ ಕಾರು ಯಾವ ಬಿಂದು ಸುತ್ತ ವಾಲುತ್ತೋ ಅದು) ಕಾರಿನ ಭಾರದ ಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತೆ, ಕಾರನ್ನ ವಾಲ್ಸೋ ಸನ್ನೆ ಉದ್ದ ಆಗುತ್ತೆ. ಜೊತೆಗೆ ಹಂಪು ಹತ್ತುವಾಗ ಸ್ಟೀರಿಂಗು ತನ್ನಷ್ಟಕ್ಕೆ ಎಳೆಯುತ್ತೆ. ಕಾರಿನ ಮುಂದೆ ಕೂತು ಬಗ್ಗಿ ನೋಡಿ, ಲೋವರ್ ಆರ್ಮು ಹೊರಗಡೆ ಸ್ವಲ್ಪ ಇಳಿಜಾರಾಗಿ ಇದ್ರೆ ಅಥವಾ ಮಟ್ಟವಾಗಿದ್ರೆ ಸರಿ, ಅದಕ್ಕಿಂತ ಕೆಳಗೆ ಬೇಡವೇ ಬೇಡ. ಸುಮಾರು ಹ್ಯಾಚ್‌ಬ್ಯಾಕುಗಳಿಗೆ 25-30 ಎಂ.ಎಂ.ಗೇ ಇಲ್ಲಿ ನಿಲ್ಲೋದು ನನ್ ಲೆಕ್ಕದಲ್ಲಿ ಚಂದ, ನೋಡೋಕೂ ಫೆಂಡರ್ ಗ್ಯಾಪು ತುಂಬಿ ಕೂತಂಗಿರುತ್ತೆ.

ಸ್ಟ್ರಟ್ಟನ್ನ ಬಾಡಿಗೆ ಹಿಡಿಯೋ ಮೇಲಿನ ಮೌಂಟು ಯಾವ್ದು ಅಂತಲೂ ಕೇಳಿ. ಪಿಲ್ಲೋ ಬಾಲ್ ಅಂತ ಕಬ್ಬಿಣದ ಗುಂಡು ಇರೋದು ಸ್ಟೀರಿಂಗ್ ಚುರುಕು ಮಾಡುತ್ತೆ, ಆದ್ರೆ ನೀರು ಧೂಳು ಹೋಗಿ ಸವೆಯುತ್ತೆ, ಪ್ರತಿ ಗುಂಡಿಗೂ ಟಕ್ ಟಕ್. ನಮ್ಗೆ ರಬ್ಬರ್ ಮೌಂಟೇ ಇರ್ಲಿ.

ಹಾಕ್ಸುವಾಗ ಪಕ್ಕದಲ್ಲಿ ನಿಂತು ನೋಡ್ಬೇಕಾದ್ದು

ಸಾಗರ ರೋಡಿನ ಆಟೋ ಕಾಂಪ್ಲೆಕ್ಸ್ ಕಡೆ ಸಸ್ಪೆನ್ಷನ್ ಕೆಲಸಕ್ಕೆ ಕೈ ಪಳಗಿರೋ ಮೆಕ್ಯಾನಿಕ್‌ಗಳು ಸಿಗ್ತಾರೆ, ಆದ್ರೆ ಕಾಯಿಲೋವರ್ ದಿನಾ ನೋಡಿರಲ್ಲ, ಅವ್ರ ತಪ್ಪೂ ಅಲ್ಲ. ಕಿಟ್ ಜೊತೆ ಬರೋ ಪೇಪರ್ ನೀವೇ ಓದ್ಕೊಂಡು ಹೋಗಿ, ಟಾರ್ಕ್ ವ್ರೆಂಚ್ ಇರೋ ಗ್ಯಾರೇಜೇ ನೋಡಿ. ಹಿಂದಿನ ದಿನಾನೇ ನಕಲ್ (ಚಕ್ರ ಹೊರೋ ಲೋಹದ ತುಂಡು) ಬೋಲ್ಟು, ಡ್ರಾಪ್ ಲಿಂಕ್ (ವಾಲೋದು ತಡೆಯೋ ಬಾರಿನ ಕೊಂಡಿ) ನಟ್ಟು ಎಲ್ಲಕ್ಕೂ ತುಕ್ಕು ಬಿಡಿಸೋ ಸ್ಪ್ರೇ ಹೊಡೆದಿಡಿ, ಮಲ್ನಾಡಲ್ಲಿ ನಾಲ್ಕು ಮಳೆಗಾಲ ಕಂಡಿರೋ ಬೋಲ್ಟು ಅಷ್ಟು ಸುಲಭಕ್ಕೆ ಬಿಡಲ್ಲ.

ಬಿಚ್ಚೋ ಮುಂಚೆ ಚಕ್ರದ ನಡುಮಧ್ಯದಿಂದ ನೇರ ಮೇಲೆ ಫೆಂಡರ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರ್ಕೊಳ್ಳಿ. ನೆಲದಿಂದ ಅಳೆದ್ರೆ ಟೈರ್ ಗಾಳಿ ಹೆಚ್ಚುಕಮ್ಮಿ ಆದಷ್ಟಕ್ಕೂ ಅಳತೆ ಬದಲಾಗುತ್ತೆ. ಜ್ಯಾಕ್ ಮೇಲೆ ಮಾತ್ರ ನಿಲ್ಸಿ ಕೆಳಗೆ ಕೈ ಹಾಕ್ಬೇಡಿ, ಸ್ಟ್ಯಾಂಡ್ ಬೇಕೇ ಬೇಕು. ಬ್ರೇಕ್ ಹೋಸು, ಎಬಿಎಸ್ ವೈರು ಸ್ಟ್ರಟ್ಟಿನ ಕ್ಲಿಪ್ಪಿಂದ ಮೊದ್ಲೇ ಬಿಡ್ಸಿ, ಇಲ್ಲಾಂದ್ರೆ ನಕಲ್ಲು ಜೋತುಬಿದ್ದಾಗ ಭಾರ ಎಲ್ಲ ಹೋಸ್ ಮೇಲೆ. ಕಿಟ್ಟಲ್ಲಿ ಟಾಪ್ ಮೌಂಟ್ ಬಂದಿದ್ರೆ ಹಳೇ ಸ್ಟ್ರಟ್ಟನ್ನ ಇಡಿಯಾಗಿ ತೆಗೆದು ಪಕ್ಕಕ್ಕಿಡಬಹುದು, ಸ್ಪ್ರಿಂಗ್ ಕಂಪ್ರೆಸರ್ ಮುಟ್ಟೋ ಕೆಲಸನೇ ಇಲ್ಲ. ಬಂದಿಲ್ಲ ಅಂದ್ರೆ ಹಳೇ ಮೌಂಟು ಬಿಚ್ಬೇಕು, ಆವಾಗ ಸ್ಪ್ರಿಂಗು ಪೂರ್ತಿ ಅಮುಕದೆ ನಡುವಿನ ನಟ್ಟು ಬಿಚ್ಚೋಕೆ ಯಾರನ್ನೂ ಬಿಡ್ಬೇಡಿ, ಅದು ಹಾರಿ ಬಂದ್ರೆ ಮುಖ ಉಳಿಯಲ್ಲ.

ಹೊಸದು ಕೂರ್ಸುವಾಗ ಶಾಕ್ಸ್ ರಾಡಿನ ನಟ್ಟಿಗೆ ಇಂಪ್ಯಾಕ್ಟ್ ಗನ್ ಹಾಕೋದು ನಮ್ ಕಡೆ ಮಾಮೂಲು, ಅದು ತಪ್ಪು, ರಾಡೇ ಸುತ್ತಿ ಒಳಗಿನ ಸೀಲು ವಾಲ್ವು ಹೋಗುತ್ತೆ. ಅಲೆನ್ ಕೀಲಿ ರಾಡು ಹಿಡ್ಕೊಂಡು ಕೈಯ್ಯಲ್ಲೇ ಬಿಗೀಬೇಕು. ಎರಡನೇ ತರದ ಕಾಯಿಲೋವರ್ ಆದ್ರೆ ಸ್ಪ್ರಿಂಗ್ ಸೀಟನ್ನ ಸ್ಪ್ರಿಂಗು ಅಲ್ಲಾಡದಷ್ಟು ಮಾತ್ರ ತಂದು, ಪೇಪರಲ್ಲಿ ಇನ್ನೊಂದೆರಡು ಎಂ.ಎಂ. ಪ್ರೀಲೋಡ್ ಹೇಳಿದ್ರೆ ಅಷ್ಟು ಕೊಟ್ಟು, ಎರಡೂ ಕಡೆ ಒಂದೇ ಸಮ ಮಾಡಿ ಲಾಕ್ ಮಾಡ್ಬಿಡಿ, ಆಮೇಲೆ ಎತ್ತರಕ್ಕೆ ಅದನ್ನ ಮುಟ್ಟೋದೇ ಬೇಡ, ಕೆಳಗಿನ ಬ್ರಾಕೆಟ್ಟಲ್ಲೇ ಆಟ. ಪ್ರೀಲೋಡ್ ಬಿಗಿದ್ರೆ ಸ್ಪ್ರಿಂಗ್ ಗಟ್ಟಿ ಆಗುತ್ತೆ ಅಂತ ಸುಮಾರು ಜನ ಹೇಳ್ತಾರೆ, ಒಂದೇ ಸಮನಾಗಿ ಸುತ್ತಿರೋ ಸ್ಪ್ರಿಂಗಲ್ಲಿ 5 ಅಂದ್ರೆ 5ಏ, ಬದಲಾಗೋದು ಕಾರಿನ ಎತ್ತರ ಮತ್ತೆ ಚಕ್ರ ಕೆಳಗಿಳಿಯೋ ಜಾಗ. ಮತ್ತೆ ಬಾಡಿ ಬ್ರಾಕೆಟ್ಟೊಳಗೆ ಕನಿಷ್ಠ ಇಷ್ಟು ಥ್ರೆಡ್ ಹೋಗಿರ್ಬೇಕು ಅಂತ ಕಂಪನಿ ಗುರುತು ಕೊಟ್ಟಿರುತ್ತೆ, ಎತ್ತರ ಮಾಡೋ ಹುಮ್ಮಸ್ಸಲ್ಲಿ ಅದನ್ನ ಮೀರ್ಬೇಡಿ.

ಇನ್ನೊಂದು ಯಾರೂ ಗಮನ ಕೊಡದೇ ಇರೋದು, ಲೋವರ್ ಆರ್ಮ್ ಬುಷ್ಷು, ಹಿಂದಿನ ಬೀಮಿನ ಬುಷ್ಷು ಬೋಲ್ಟು ಸಡಿಲ ಮಾಡಿದ್ರೆ ಚಕ್ರ ಗಾಳೀಲಿ ನೇತಾಡುವಾಗ ಬಿಗೀಬಾರ್ದು. ಕಾರು ತನ್ನ ಕಾಲ ಮೇಲೆ ನಿಂತ ಎತ್ತರದಲ್ಲೇ ಕೊನೇ ಬಿಗಿ ಕೊಡ್ಬೇಕು, ಇಲ್ಲಾಂದ್ರೆ ರಬ್ಬರು ಯಾವಾಗ್ಲೂ ತಿರುಚ್ಕೊಂಡೇ ಇದ್ದು ಬೇಗ ಹರಿಯುತ್ತೆ, ಎತ್ತರದ ಅಳತೆನೂ ಸುಳ್ಳು ತೋರ್ಸುತ್ತೆ.

ಸೆಟ್ಟಿಂಗು

ಹಾಕಿದ ದಿನಾನೇ ಅಲೈನ್‌ಮೆಂಟ್ ಮಾಡ್ಸಿ ಮುಗೀತು ಅಂದ್ಕೋಬೇಡಿ. ಸ್ಪ್ರಿಂಗು ಕೂರೋಕೆ ಕೆಲವು ನೂರು ಕಿ.ಮೀ. ಬೇಕು, ಅದಾದ್ಮೇಲೆ ಮತ್ತೆ ನಾಲ್ಕೂ ಕಡೆ ಅಳೆದು, ರಿಂಗುಗಳ ಬಿಗಿ ನೋಡಿ, ಆಮೇಲೆ ಪಕ್ಕಾ ಅಲೈನ್‌ಮೆಂಟು. ಅಲ್ಲೀವರೆಗೆ ಟೋ (ಮೇಲಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ತಿರುಗಿರೋದು) ಒಂದು ಸುಮಾರಾಗಿ ಸರಿ ಇರ್ಲಿ. ಇಳ್ಸಿದ ಕಾರಲ್ಲಿ ಟೈರ್ ಒಳಗಿನ ಅಂಚು ಸವೆದ್ರೆ ಎಲ್ರೂ ಕ್ಯಾಂಬರ್ (ಮುಂದಿಂದ ನೋಡಿದಾಗ ಚಕ್ರ ವಾಲಿರೋದು) ಅಂತಾರೆ, ಜಾಸ್ತಿ ಸಲ ಕಳ್ಳ ಟೋ. ಹಿಂದೆ ಬೀಮ್ ಇರೋ ಕಾರಲ್ಲಿ ಶಿಮ್ (ನಡುವೆ ಇಡೋ ತೆಳು ತಗಡು) ಹಾಕ್ದೆ ಏನೂ ತಿರುಗ್ಸೋಕೆ ಬರಲ್ಲ, ಅಲ್ಲಿ ರೀಡಿಂಗ್ ಮಾತ್ರ ತಗೊಳ್ಳಿ. ಎತ್ತರ ಅಳೆಯುವಾಗ ಡ್ರೈವರ್ ಸೀಟಲ್ಲಿ ನಿಮ್ ತೂಕದ ಯಾರನ್ನಾದ್ರೂ ಕೂರ್ಸಿ, ಅರ್ಧ ಟ್ಯಾಂಕ್ ಪೆಟ್ರೋಲ್ ಇರ್ಲಿ. ನಾಲ್ಕು ತಕ್ಕಡಿ ಇಟ್ಟು ಕಾರ್ನರ್ ವೆಯ್ಟ್ ಮಾಡೋದು ಟ್ರ್ಯಾಕ್ ಓಡ್ಸೋರಿಗೆ, ಊರಲ್ಲಿ ಓಡಾಡೋಕೆ ಬೇಕಿಲ್ಲ.

ರಿಂಗು ತಿರುಗ್ಸೋದು ಹೇಗೆ ಅಂದ್ರೆ, ಮೊದ್ಲು ಕಾರು ಎತ್ತಿ ಭಾರ ತೆಗೀಬೇಕು, ನೈಲಾನ್ ಬ್ರಷ್ಷಲ್ಲಿ ಥ್ರೆಡ್ಡಿನ ಕೆಂಪು ಕೆಸರು ಪೂರ್ತಿ ಉಜ್ಜಿ ತೆಗೆದು ನೀರಲ್ಲಿ ತೊಳ್ದು ಒಣಗ್ಸಿ, ಆಮೇಲೆ ಸಿ ಸ್ಪ್ಯಾನರ್ ಎರಡು ತಗೊಂಡು ಒಂದರಲ್ಲಿ ಮೇಲಿನ ರಿಂಗು ಹಿಡ್ದು ಇನ್ನೊಂದರಲ್ಲಿ ಕೆಳಗಿನದ್ದು ಎದುರುದಿಕ್ಕಿಗೆ ಎಳೀಬೇಕು. ಒಂದು ಸಣ್ಣ ಮರಳಿನ ಕಣ ಥ್ರೆಡ್ಡಲ್ಲಿ ಉಳಿದ್ರೂ ಅಲ್ಯುಮಿನಿಯಂ ರಿಂಗು ಕಿರ್ರ್ ಅಂತ ಹಿಡ್ಕೊಳ್ಳುತ್ತೆ, ಅಲ್ಲಿಗೆ ನಿಲ್ಸಿ ಹಿಂದಕ್ಕೆ ತಿರುಗ್ಸಿ ಮತ್ತೆ ಉಜ್ಜಿ, ಸುತ್ತಿಗೇಲಿ ಹೊಡೆದ್ರೆ ರಿಂಗಿನ ಕಚ್ಚು ಹೋಗುತ್ತೆ, ಮುಂದೆ ಅದು ಯಾವತ್ತೂ ತಿರುಗಲ್ಲ.

ಡ್ಯಾಂಪಿಂಗ್ ನಾಬು ಇದ್ರೆ ಪೂರ್ತಿ ಗಟ್ಟಿ ಕಡೆ ನಿಧಾನಕ್ಕೆ ತಿರುಗ್ಸಿ ನಿಲ್ಲೋ ಜಾಗದಿಂದ ಹಿಂದಕ್ಕೆ ಕ್ಲಿಕ್ ಎಣಿಸ್ಬೇಕು, ನಡುಮಧ್ಯದಲ್ಲಿ ಶುರು ಮಾಡಿ. ಆಮೇಲೆ ನಿಮ್ಗೆ ಚೆನ್ನಾಗಿ ಗೊತ್ತಿರೋ ಒಂದೇ ದಾರೀಲಿ, ಅದೇ ವೇಗದಲ್ಲಿ ಓಡ್ಸಿ, ಒಂದ್ಸಲಕ್ಕೆ ಮುಂದೆ ಅಥವಾ ಹಿಂದೆ ಯಾವ್ದಾದ್ರೂ ಒಂದೇ ಬದಲಾಯ್ಸಿ. ಹಂಪು ಇಳಿದ್ಮೇಲೆ ಕಾರು ಇನ್ನೊಂದ್ಸಲ ಏಳ್ತಿದೆ ಅಂದ್ರೆ ಎರಡು ಕ್ಲಿಕ್ ಗಟ್ಟಿ. ಮೊದ್ಲನೇ ಗುಂಡಿ ಸರಿ, ಎರಡನೇದು ಪರ್ವಾಗಿಲ್ಲ, ಮೂರನೇದು ನಾಲ್ಕನೇದು ಬೆನ್ನಿಗೇ ಬಡೀತಿದೆ ಅಂದ್ರೆ ಗಟ್ಟಿ ಜಾಸ್ತಿ ಆಗಿದೆ ಅಂತ ಅರ್ಥ, ಒಂದು ಗುಂಡಿಗೆ ಕುಗ್ಗಿದ ಸ್ಪ್ರಿಂಗು ವಾಪಸ್ ಏಳೋ ಮುಂಚೆ ಇನ್ನೊಂದು ಬಂದು ಕಾರು ಹಾಗೇ ಕೆಳಗೆ ಕೆಳಗೆ ಕೂರ್ತಾ ಹೋಗುತ್ತೆ. ಮಳೆಗಾಲದ ಕಿತ್ತ ರೋಡಲ್ಲಿ ಇದೇ ಜಾಸ್ತಿ ಆಗೋದು, ಮೆತ್ತಗೆ ಮಾಡಿ. ಕಾರು ಕಲ್ಲಿನಂಗೆ ಬಡಿಯುತ್ತೆ ಅಂತ ಬೈಸ್ಕೊಳ್ಳೋ ಎಷ್ಟೋ ಸೆಟಪ್ಪುಗಳಿಗೆ ಈ ನಾಬಲ್ಲೇ ಪರಿಹಾರ ಇರುತ್ತೆ.

ಬಂಪ್ ಸ್ಟಾಪ್ ಹೊಡೀತಿದ್ಯಾ ಅಂತ ತಿಳಿಯೋಕೆ ರಾಡು ಕಾಣೋ ಶಾಕ್ಸಾದ್ರೆ ಧೂಳಿನ ಬೂಟು ಸರಿಸಿ ರಾಡಿಗೆ ಒಂದು ಸಣ್ಣ ಜಿಪ್ ಟೈ ಕಟ್ಟಿ ಶಾಕ್ಸ್ ಬಾಡಿ ತನಕ ಇಳ್ಸಿಡಿ. ಮನೆಯವ್ರನ್ನೆಲ್ಲ ಕೂರ್ಸ್ಕೊಂಡು, ಹಿಂದೆ ಒಂದು ಅಡಿಕೆ ಮೂಟೆ ಹಾಕ್ಕೊಂಡು ಮಾಮೂಲು ದಾರೀಲಿ ಹೋಗಿ ಬನ್ನಿ. ಟೈ ಮೇಲೆ ಹೋಗಿ ಬಂಪ್ ಸ್ಟಾಪಿಗೆ ಒತ್ಕೊಂಡಿದ್ರೆ ಕಾರು 5 ಎಂ.ಎಂ. ಎತ್ತಿ, ಮತ್ತೆ ನೋಡಿ. ಟೈರು ಉಜ್ಜೋದಕ್ಕೆ ಲೈನರ್ ಒಳಗೆ ಹೊಳಪು ಬಂದಿದ್ಯಾ ಟಾರ್ಚ್ ಹಾಕಿ ನೋಡಿ, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗ್ಸಿನೂ ನೋಡಿ. ಹೆಡ್‌ಲೈಟ್ ಮಟ್ಟ ಮತ್ತೆ ಸರಿ ಮಾಡ್ಸೋದು ಮರೀಬೇಡಿ, ಮೂತಿ ಇಳ್ದಿರೋ ಕಾರಲ್ಲಿ ಬೆಳಕು ಹತ್ತಿರಕ್ಕೇ ಬಿದ್ದು ಘಾಟಿಯ ಮಂಜಲ್ಲಿ ಮುಂದಿನದ್ದು ಏನೂ ಕಾಣಲ್ಲ.

ಮಳೆ, ಕಾನೂನು

ತುಕ್ಕಿನ ವಿಚಾರದಲ್ಲಿ ಕೆಡಬ್ಲ್ಯೂದು ಸ್ಟೇನ್‌ಲೆಸ್ ಸ್ಟೀಲ್ ಬಾಡಿ, ಅದು ಇಲ್ಲಿಗೆ ಹೇಳಿ ಮಾಡಿಸಿದ್ದು, ವಾರಕ್ಕೊಂದ್ಸಲ ಉಡುಪಿ ಮಂಗಳೂರು ಅಂತ ಕಡಲ ಗಾಳಿಗೆ ಹೋಗೋರಿಗಂತೂ ಇನ್ನೂ. ಕೋಟಿಂಗ್ ಮಾತ್ರ ಇರೋದಾದ್ರೆ ಮೇ ಕೊನೇಲಿ ಒಂದ್ಸಲ, ಮಳೆ ಮುಗಿದ್ಮೇಲೆ ಒಂದ್ಸಲ ಚಕ್ರ ಬಿಚ್ಚಿ ತೊಳ್ದು ಒಣಗ್ಸಿ, ಒಣಗಿದ್ಮೇಲೆ ಜಿಡ್ಡು ಉಳಿಯದ ಸ್ಪ್ರೇ ಹೊಡೀರಿ. ಗ್ರೀಸ್ ಬಳಿಯೋದು ಒಳ್ಳೇದು ಅನ್ಸುತ್ತೆ, ಆದ್ರೆ ಅದು ಮಣ್ಣನ್ನ ಹಿಡ್ದು ಉಪ್ಪುಕಾಗದ ಮಾಡ್ಬಿಡುತ್ತೆ. ಮಳೆಗಾಲಕ್ಕೆ 10-15 ಎಂ.ಎಂ. ಎತ್ತಿ ನಾಲ್ಕೈದು ಕ್ಲಿಕ್ ಮೆತ್ತಗೆ ಮಾಡೋದು ನಾನು ಎಲ್ರಿಗೂ ಹೇಳೋ ಸಲಹೆ, ಹೆಂಗೂ ರಿಂಗು ತಿರುಗ್ಸಿದ ಹಾಗೂ ಆಗುತ್ತೆ, ಹಿಡ್ಕೊಳ್ಳಲ್ಲ. ಎತ್ತರ ಬದಲಾದ್ರೆ ಟೋ ಬದಲಾಗುತ್ತೆ, ಅದನ್ನ ಮತ್ತೆ ನೋಡಿಸ್ಬೇಕು, ಆ ಖರ್ಚು ಲೆಕ್ಕದಲ್ಲಿರ್ಲಿ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಮಾಡಿದ್ದಕ್ಕೂ ಆರ್‌ಸೀಲಿ ಇರೋ ವಿವರಕ್ಕೂ ವ್ಯತ್ಯಾಸ ಬರೋ ಹಂಗೆ ಗಾಡಿ ಬದಲಾಯ್ಸೋ ಹಾಗಿಲ್ಲ, 2019ರ ತಿದ್ದುಪಡೀಲಿ ಬಂದ 182ಎ ಸೆಕ್ಷನ್ನಲ್ಲಿ ಅನುಮತಿ ಇಲ್ಲದ ಬದಲಾವಣೆ ಒಂದೊಂದಕ್ಕೂ 5000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು ಅಥವಾ ಎರಡೂ ಅಂತಿದೆ. ದುಡ್ಡು ಕಟ್ಟೋ ಮುಂಚೆನೇ ಆರ್‌ಟಿಓ ಆಫೀಸಲ್ಲಿ ವಿಚಾರಿಸಿ, ಇನ್ಶೂರೆನ್ಸ್ ಕಂಪನಿಗೆ ಬರವಣಿಗೇಲಿ ತಿಳಿಸಿ, ಅವ್ರ ಉತ್ತರ ಇಟ್ಕೊಳ್ಳಿ.

ಹಾಗಾದ್ರೆ ಯಾರಿಗೆ ಯಾವ್ದು

ತೋಟದ ಮನೆಗೆ ದಿನಾ ಹೋಗ್ಬೇಕು, ಇರೋದು ಒಂದೇ ಕಾರು, ಅಪ್ಪ ಅಮ್ಮ ಎಲ್ಲ ಅದ್ರಲ್ಲೇ ಅಂದ್ರೆ ಇಳ್ಸಲೇ ಬೇಡಿ. ಹೊಸ ಶಾಕ್ಸು, ಒಳ್ಳೆ ಟೈರು ಹಾಕ್ಸಿ, ಅರ್ಧ ಆಸೆ ಅಲ್ಲೇ ತೀರುತ್ತೆ, ಮಂಡಗದ್ದೆ ತಿರುವುಗಳಲ್ಲಿ ಕಾರು ಬೇರೇನೇ ಅನ್ಸುತ್ತೆ. ಶಿವಮೊಗ್ಗ ಟೌನಲ್ಲೇ ಜಾಸ್ತಿ, ಆಗಾಗ ಹೈವೇ, ಬಜೆಟ್ಟು ಮಿತ ಅನ್ನೋರು 30 ಎಂ.ಎಂ. ಮೀರದ ಸ್ಪ್ರಿಂಗು ಹೊಸ ಶಾಕ್ಸ್ ಜೊತೆ. ತಿರುಗ್ಸೋ ತಾಪತ್ರಯ ಬೇಡ ದುಡ್ಡಿದೆ ಅನ್ನೋರು ಎತ್ತರ ಮಾತ್ರ ಅಡ್ಜಸ್ಟ್ ಆಗೋ ಒಳ್ಳೆ ಕಂಪನಿ ಕಾಯಿಲೋವರ್ ತಗೊಂಡು ಮೇಲಿನ ತುದೀಲಿ ಇಟ್ಟು ಮರೆತ್ಬಿಡಿ. ಘಾಟಿ ಓಡಿಸೋದೇ ಖುಷಿ, ಭಾನುವಾರ ಕಾರಿನ ಕೆಳಗೆ ಮಲಗೋಕೂ ಬೇಜಾರಿಲ್ಲ ಅನ್ನೋರಿಗೆ ಬ್ರಾಕೆಟ್ ಅಡ್ಜಸ್ಟು, ಡ್ಯಾಂಪಿಂಗ್ ನಾಬು, ರಬ್ಬರ್ ಮೌಂಟು, ಮೆತ್ತಗಿನ ಸ್ಪ್ರಿಂಗು. ಹೆಸರೇ ಕೇಳಿರದ ಅಗ್ಗದ ಕಾಯಿಲೋವರ್ರಿಗಿಂತ ಅದೇ ದುಡ್ಡಿಗೆ ಬರೋ ಒಳ್ಳೆ ಸ್ಪ್ರಿಂಗು ಶಾಕ್ಸು ನೂರು ಪಾಲು ಮೇಲು, ಇದ್ರಲ್ಲಿ ನನಗೆ ಎರಡು ಮಾತಿಲ್ಲ.

ಸೆಕೆಂಡ್‌ಹ್ಯಾಂಡ್ ತಗೊಳ್ಳೋರು ಫೋಟೋ ನೋಡಿ ದುಡ್ಡು ಹಾಕ್ಬೇಡಿ. ಕೈಗೆ ತಗೊಂಡು ರಿಂಗು ಮೇಲಿಂದ ಕೆಳಗೆ ತಿರುಗುತ್ತಾ ನೋಡಿ, ನಾಬಿನ ಪ್ರತಿ ಕ್ಲಿಕ್ಕೂ ಬೆರಳಿಗೆ ಸಿಗ್ಬೇಕು, ರಾಡಿನ ಮೇಲೆ ಉಗುರು ಓಡ್ಸಿದ್ರೆ ಗೀರು ತಾಗ್ಬಾರ್ದು, ಸೀಲ್ ಹತ್ರ ಎಣ್ಣೆ ಜಿನುಗಿದ್ರೆ ಅಲ್ಲಿಗೇ ಬಿಟ್ಬಿಡಿ, ಟೈನ್ ಫ್ಲೆಕ್ಸ್ ಝಡ್ ತರದ ಸೀಲ್ಡ್ ಶಾಕ್ಸನ್ನ ಬಿಚ್ಚಿ ರಿಪೇರಿ ಮಾಡೋಕೆ ಬರಲ್ಲ. ಯಾವ ಮಾಡೆಲ್ಲು ಯಾವ ವರ್ಷದ ಕಾರಿಗೆ ಅಂತ ಪಾರ್ಟ್ ನಂಬರ್ ಹೊಂದ್ಸಿ ನೋಡಿ, ಹೊರದೇಶದ ಮಾಡೆಲ್ಲಿಗೆ ಬಂದಿದ್ದು ನಮ್ ಮಾಡೆಲ್ಲಿಗೆ ಎಲ್ಲಾ ಸಲ ಕೂರಲ್ಲ. ಮತ್ತೆ ಯಾವ್ದೇ ಹಾಕ್ಸಿದ್ರೂ ಬಿಚ್ಚಿದ ಕಂಪನಿ ಸ್ಪ್ರಿಂಗು, ಶಾಕ್ಸು, ಬೋಲ್ಟು ಸಮೇತ ಎಣ್ಣೆ ಒರೆಸಿ ಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಡಿ, ಕಾರು ಮಾರುವಾಗ ಕೊಳ್ಳೋರು ಮೊದ್ಲು ಕೇಳೋದೇ ಅದನ್ನ.